ಕತ್ತರಿಗೆ ಹೆದರಬೇಡಿ, ನೀರಿನ ಚೊಂಬು ಕೆಳಗಿಡಿ

ಮನೆ ಕೈತೋಟದ ಸೊಪ್ಪು, ಸಾಂಬಾರ ಗಿಡಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೊತ್ತಂಬರಿಯನ್ನು ಮೂರು ಸಲ ಬಿತ್ತಿದೆ. ಎರಡು ಸಲ ಮೊಳಕೆಯೇ ಬರಲಿಲ್ಲ. ಮೂರನೇ ಸಲ ಬಂತು, ಆದರೆ ನಾಲ್ಕು ಎಲೆ ಬಿಡುವಷ್ಟರಲ್ಲಿ ಹೂವಾಯಿತು. ನನ್ನ ಕೈಗುಣವೇ ಸರಿಯಿಲ್ಲವೇ?

ಕೈಗುಣವನ್ನು ಪಾಪ ಬಿಟ್ಟುಬಿಡಿ. ಒಂದು ಕಾಳನ್ನು ಅಂಗೈಯಲ್ಲಿಟ್ಟು ನೋಡಿ. ನಾವು ಕೊತ್ತಂಬರಿ ಬೀಜ ಅನ್ನುವುದು ನಿಜಕ್ಕೂ ಒಣಗಿದ ಕಾಯಿ. ಅದರೊಳಗೆ ಎರಡು ಬೀಜಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಿಪ್ಪೆ ಗಟ್ಟಿ, ನೀರು ಒಳಗಿಳಿಯಲು ತಡವಾಗುತ್ತದೆ. ಕಾಳುಗಳನ್ನು ಬಟ್ಟೆಯ ಮೇಲೆ ಹರಡಿ, ಲಟ್ಟಣಿಗೆಯನ್ನು ಮೆಲ್ಲಗೆ ಒತ್ತಿ ಉರುಳಿಸಿ. ಪಟ್ ಎಂದು ಎರಡು ಹೋಳಾದರೆ ಸಾಕು. ಕೈ ಭಾರವಾದರೆ ಬೀಜದ ಬದಲು ಧನಿಯಾ ಪುಡಿ ಸಿಗುತ್ತದೆ! ಒಂದು ರಾತ್ರಿ ನೆನೆಸಿ, ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಮೊಳಕೆಗೆ ಸಾಮಾನ್ಯವಾಗಿ 7ರಿಂದ 14 ದಿನ ಬೇಕು. ಐದನೇ ದಿನಕ್ಕೇ ಮಣ್ಣು ಕೆದಕಿ ನೋಡುವ ಚಟ ಅನೇಕರಿಗಿದೆ, ನನಗೂ ಇತ್ತು. ಎಷ್ಟೋ ಮೊಳಕೆ ಹಾಳಾಗುವುದು ಹಾಗೆಯೇ. ಡಬ್ಬಿಯಲ್ಲಿ ವರ್ಷಗಟ್ಟಲೆ ಕುಳಿತ ಕಾಳಾದರೆ ಮಾತ್ರ ಕಾದೂ ಪ್ರಯೋಜನವಿಲ್ಲ.

ಇನ್ನು ಹೂವಿನ ವಿಷಯ. ಸೆಕೆ ಏರಿದಾಗ, ಹಗಲು ಉದ್ದವಾದಾಗ, ಬೇರಿಗೆ ಪೆಟ್ಟಾದಾಗ ಕೊತ್ತಂಬರಿ ಗಾಬರಿಯಾಗುತ್ತದೆ. ಎಲೆ ಬಿಡುವುದನ್ನು ನಿಲ್ಲಿಸಿ ಬೀಜ ಕಟ್ಟುವ ಆತುರಕ್ಕೆ ಬೀಳುತ್ತದೆ. ಇದಕ್ಕೆ ಉದ್ದನೆಯ ತಾಯಿಬೇರು. ಹಾಗಾಗಿ ಒಂದು ಕಡೆ ಸಸಿ ಮಾಡಿ ಇನ್ನೊಂದು ಕಡೆ ನೆಡಬೇಡಿ, ಬೆಳೆಯಬೇಕಾದ ಜಾಗದಲ್ಲೇ ಬಿತ್ತಿ. ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ನೆರಳಿರಲಿ. ಎಲ್ಲವನ್ನೂ ಒಂದೇ ದಿನ ಬಿತ್ತುವ ಬದಲು ಎರಡು ಮೂರು ವಾರಕ್ಕೊಮ್ಮೆ ಒಂದೊಂದು ಹಿಡಿ ಹಾಕಿ. ಹೂ ಬಿಟ್ಟ ಗಿಡವನ್ನು ಕೀಳಬೇಡಿ. ಆ ಪುಟ್ಟ ಬಿಳಿ ಹೂವಿಗೆ ಬರುವ ಕೆಲವು ನೊಣಗಳ ಮರಿಹುಳುಗಳು ಸಸ್ಯಹೇನನ್ನು ತಿಂದು ಮುಗಿಸುತ್ತವೆ. ಆಮೇಲೆ ಕಟ್ಟುವ ಹಸಿರು ಕಾಯನ್ನು ಒಂದು ಸಲ ಹಲ್ಲಿಗೆ ಸಿಕ್ಕಿಸಿ ನೋಡಿ. ಸೊಪ್ಪಿನದೂ ಅಲ್ಲ, ಧನಿಯಾದ್ದೂ ಅಲ್ಲ, ಅದರ ರುಚಿಯೇ ಬೇರೆ.

ಪ್ರಶ್ನೆ: ಕಾಮಕಸ್ತೂರಿ ಗಿಡ ಒಂದೇ ಕಡ್ಡಿಯಾಗಿ ಉದ್ದಕ್ಕೆ ಬೆಳೆದಿದೆ. ಕತ್ತರಿಸಿದರೆ ಎಲ್ಲಿ ಸತ್ತುಹೋಗುತ್ತದೋ ಎಂದು ಬರೀ ಕೆಳಗಿನ ಎಲೆಗಳನ್ನು ಕೀಳುತ್ತಿದ್ದೇನೆ.

ಕೀಳಬಾರದ ಎಲೆಗಳನ್ನೇ ಕೀಳುತ್ತಿದ್ದೀರಿ! ಕೆಳಗಿನ ಅಗಲ ಎಲೆಗಳು ಗಿಡದ ಅಡುಗೆಮನೆ. ಕತ್ತರಿ ಬೀಳಬೇಕಾದದ್ದು ನೆತ್ತಿಗೆ.

ಕಾಂಡವನ್ನು ಹತ್ತಿರದಿಂದ ನೋಡಿ. ಎಲೆಗಳು ಎದುರು ಬದುರು ಜೋಡಿಯಾಗಿರುತ್ತವೆ. ಪ್ರತಿ ಎಲೆಯ ಬುಡದಲ್ಲಿ, ಕಾಂಡಕ್ಕೆ ತಾಗುವ ಮೂಲೆಯಲ್ಲಿ, ಸಾಸಿವೆ ಗಾತ್ರದ ಚಿಗುರು ಕಾಣುತ್ತದೆ. ತುದಿ ಬೆಳೆಯುತ್ತಿರುವಷ್ಟು ದಿನ ಅದು ಕೆಳಗಿನ ಚಿಗುರುಗಳನ್ನು ತಲೆಯೆತ್ತಲು ಬಿಡುವುದಿಲ್ಲ. ಗಿಡ ಒಂದು ಗೇಣಾದಾಗ ಒಂದು ಎಲೆಜೋಡಿಯ ಸ್ವಲ್ಪ ಮೇಲೆ ಕತ್ತರಿಸಿ. ಆ ಎರಡು ಚಿಗುರುಗಳು ಎರಡು ಕೊಂಬೆಗಳಾಗುತ್ತವೆ. ಅವನ್ನೂ ಹಾಗೇ ಚಿವುಟಿದರೆ ನಾಲ್ಕು. ಎರಡು ತಿಂಗಳಲ್ಲಿ ಪೊದೆಯಾಗುತ್ತದೆ. ಒಂದೇ ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ, ಅಷ್ಟೇ. ಹೂವಿನ ತೆನೆ ಕಂಡ ಕೂಡಲೇ ಚಿವುಟಿ. ಪುದೀನ, ದೊಡ್ಡಪತ್ರೆಗೂ ಇದೇ ಉಪಾಯ. ಕರಿಬೇವಿನಲ್ಲಿ ಎಲೆಗಳು ಜೋಡಿಯಾಗಿರುವುದಿಲ್ಲ, ಆದರೂ ಒಂದೊಂದೇ ಎಲೆ ಕೀಳುವುದಕ್ಕಿಂತ ಕೊಂಬೆಯ ತುದಿ ಕತ್ತರಿಸಿದರೆ ಗಿಡ ಬೇಗ ಕವಲೊಡೆಯುತ್ತದೆ.

ಕತ್ತರಿಸಿದ ಕಾಮಕಸ್ತೂರಿಯನ್ನು ಫ್ರಿಜ್‌ಗೆ ತುರುಕಬೇಡಿ. 10 ಡಿಗ್ರಿಗಿಂತ ಕೆಳಗೆ ಎಲೆ ಕಪ್ಪಾಗುತ್ತದೆ. ಲೋಟದ ನೀರಿನಲ್ಲಿ ಹೂವಿನ ಹಾಗೆ ನಿಲ್ಲಿಸಿ. ಒಂದೆರಡು ವಾರದಲ್ಲಿ ಬೇರೂ ಬಿಡಬಹುದು, ಇನ್ನೊಂದು ಕುಂಡ ಹುಡುಕಿಕೊಳ್ಳಿ.

ಪ್ರಶ್ನೆ: ದಿನಾ ತಪ್ಪದೆ ನೀರು ಹಾಕುತ್ತೇನೆ. ಆದರೂ ರೋಸ್‌ಮೆರಿ ಒಣಗಿಹೋಯಿತು. ಪಕ್ಕದ ಪುದೀನ ಮಾತ್ರ ನಳನಳಿಸುತ್ತಿದೆ.

‘ಆದರೂ’ ಅಲ್ಲ, ‘ಅದಕ್ಕೇ’. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣು ಸದಾ ಒದ್ದೆಯಿದ್ದರೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರುವುದಿಲ್ಲ. ಆಗ ಗಿಡ ಬಾಡುತ್ತದೆ. ಬಾಡಿತಲ್ಲಾ ಎಂದು ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ರೋಸ್‌ಮೆರಿ, ಥೈಮ್, ಓರೆಗಾನೊ ಒಣ ನೆಲಕ್ಕೆ ಒಗ್ಗಿದ ಗಿಡಗಳು. ಮಣ್ಣಿನಲ್ಲಿ ಮೂರನೇ ಒಂದು ಭಾಗ ದಪ್ಪ ಮರಳು ಬೆರೆಸಿ, ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಕಡೆ ಇಡಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತೇವ ತಾಗಿದರೆ ಅಂದು ನೀರಿಲ್ಲ.

ಪುದೀನದ ಸ್ವಭಾವ ತದ್ವಿರುದ್ಧ. ಅದಕ್ಕೆ ತೇವ ಬೇಕೇ ಬೇಕು. ಇಬ್ಬರನ್ನೂ ಒಂದೇ ಕುಂಡದಲ್ಲಿ ಕೂರಿಸಬೇಡಿ. ಪುದೀನವನ್ನು ನೆಲಕ್ಕಂತೂ ಬಿಡಲೇಬೇಡಿ, ಮಣ್ಣಿನಡಿ ಹಬ್ಬಿ ಎಲ್ಲರ ಜಾಗವನ್ನೂ ನುಂಗುತ್ತದೆ.

ಪ್ರಶ್ನೆ: ಅಡುಗೆಮನೆಯಲ್ಲಿ ಮೊಳಕೆ ಬಂದ ಶುಂಠಿಯನ್ನು ಕುಂಡದಲ್ಲಿ ನೆಡಬಹುದೇ?

ಧಾರಾಳವಾಗಿ ನೆಡಿ. ಎರಡು ಮೂರು ಕಣ್ಣುಗಳಿರುವ ತುಂಡು ಆರಿಸಿ. ಕತ್ತರಿಸಿದ್ದರೆ ಒಂದೆರಡು ದಿನ ಗಾಯ ಒಣಗಲಿ. ಕಣ್ಣು ಮೇಲೆ ಮಾಡಿ 5 ಸೆಂಟಿಮೀಟರ್ ಆಳಕ್ಕೆ ಇಡಿ. ಗಡ್ಡೆ ಅಡ್ಡಡ್ಡ ಬೆಳೆಯುವುದರಿಂದ ಕುಂಡ ಆಳಕ್ಕಿಂತ ಅಗಲವಿರುವುದು ಮುಖ್ಯ. ಮೊಳಕೆ ಮಣ್ಣಿನಿಂದ ಮೇಲೆ ಬರುವವರೆಗೆ ನೀರು ಚಿಮುಕಿಸಿದರೆ ಸಾಕು. ಅರೆನೆರಳು ಒಳ್ಳೆಯದು. 8ರಿಂದ 10 ತಿಂಗಳಿಗೆ ಎಲೆ ಹಳದಿಯಾಗಿ ಬೀಳುತ್ತದೆ, ಆಗ ಅಗೆಯಿರಿ. ಅಷ್ಟು ತಾಳ್ಮೆ ಇಲ್ವಾ? ಆರನೇ ತಿಂಗಳಲ್ಲಿ ಬದಿಯ ಮಣ್ಣು ಸರಿಸಿ ಒಂದು ತುಂಡು ಮುರಿದುಕೊಳ್ಳಿ. ನಾರಿಲ್ಲದ, ಉಗುರಿನಲ್ಲೇ ಸಿಪ್ಪೆ ಬಿಡಿಸಬಹುದಾದ ಎಳೆ ಶುಂಠಿ ಸಿಗುತ್ತದೆ. ಗಿಡಕ್ಕೆ ಏನೂ ಆಗುವುದಿಲ್ಲ.

ಪ್ರಶ್ನೆ: ಹಸಿ ಬೆಳ್ಳುಳ್ಳಿ, ರೋಸ್‌ಮೆರಿ ಕಡ್ಡಿಗಳನ್ನು ಬಾಟಲಿಯಲ್ಲಿ ಹಾಕಿ ಎಣ್ಣೆ ತುಂಬಿ ಕಿಟಕಿಯಲ್ಲಿಟ್ಟಿದ್ದೇನೆ. ನೋಡಲು ತುಂಬಾ ಚೆನ್ನಾಗಿದೆ. ಎಷ್ಟು ದಿನ ಬಳಸಬಹುದು?

ನೋಡಲು ಮಾತ್ರ ಚೆನ್ನಾಗಿದೆ. ಇವತ್ತೇ ಎಸೆಯಿರಿ. ಈ ಉತ್ತರವನ್ನು ಸುಮ್ನೆ ಹೆದರಿಸಲು ಬರೆಯುತ್ತಿಲ್ಲ.

ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ಬೆಳ್ಳುಳ್ಳಿ ಬೆಳೆಯುವುದೇ ಮಣ್ಣಿನೊಳಗೆ, ಹಾಗಾಗಿ ಅದಕ್ಕೆ ಇವು ಅಂಟಿ ಬರಬಹುದು. ಗಾಳಿಯಲ್ಲಿ ಇವು ತೆಪ್ಪಗಿರುತ್ತವೆ. ಎಣ್ಣೆ ತುಂಬಿದ ಕೂಡಲೇ ಗಾಳಿ ಇಲ್ಲ. ಹಸಿ ಸೊಪ್ಪಿನಲ್ಲಿ ನೀರಿದೆ, ಹುಳಿ ಇಲ್ಲ, ಕಿಟಕಿಯಲ್ಲಿ ಬೆಚ್ಚಗಿದೆ. ಬೆಳೆದು ವಿಷ ಉಗುಳಲು ಇನ್ನೇನು ಬೇಕು? ಎಣ್ಣೆಯ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗದೆ ಇರಬಹುದು. ಆ ವಿಷ ನರಗಳಿಗೆ ತಾಗಿದರೆ ಉಸಿರಾಟದ ಸ್ನಾಯುಗಳೂ ನಿಲ್ಲಬಹುದು. ಮೊದಲೇ ಕುದಿಸಿದ್ದೆ ಅಂತೀರಾ? ಬೀಜಕಗಳು ಕುದಿಯುವ ನೀರಿಗೂ ಬಗ್ಗುವುದಿಲ್ಲ.

ಘಮದೆಣ್ಣೆ ಬೇಕೇ ಬೇಕು ಅಂದರೆ ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ. ಅಥವಾ ಹೆಚ್ಚಿದ ಸೊಪ್ಪು, ಎಣ್ಣೆ ಎರಡನ್ನೂ ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಡಿ. ಬೇಕಾದಾಗ ಒಂದು ತುಂಡನ್ನು ನೇರ ಬಾಣಲೆಗೆ ಹಾಕಬಹುದು. ನಾನು ಮಾಡುವುದು ಹೀಗೇ.

ಪ್ರಶ್ನೆ: ಬಿಸಿಲಲ್ಲಿ ಒಣಗಿಸಿದ ಸೊಪ್ಪು ಹುಲ್ಲಿನ ವಾಸನೆ ಬರುತ್ತದೆ. ಯಾಕೆ?

ಘಮ ಎಂದರೆ ಎಲೆಯೊಳಗಿನ ಆವಿಯಾಗುವ ಎಣ್ಣೆ. ಬಿಸಿಲಿಗೆ ನೀರಿನ ಜೊತೆ ಅದೂ ಹಾರಿಹೋಗುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ ಕೊಯ್ಯಿರಿ. ಗಾಳಿಯಾಡುವ ನೆರಳಲ್ಲಿ ಸಣ್ಣ ಕಂತೆ ಕಟ್ಟಿ ತಲೆಕೆಳಗಾಗಿ ತೂಗುಹಾಕಿ. ಬೆರಳಲ್ಲಿ ಹಿಡಿದರೆ ಗರಿಗರಿಯಾಗಿ ಮುರಿಯಬೇಕು, ಮಡಿಸಿದರೆ ಬಾಗುವಂತಿದ್ದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಎಲೆ ಇಡಿಯಾಗಿಯೇ ಇರಲಿ, ಬಳಸುವಾಗ ಪುಡಿ ಮಾಡಿ. ಅಡುಗೆಗೆ ಮೂರು ಚಮಚ ಹಸಿ ಸೊಪ್ಪಿನ ಬದಲು ಒಣಗಿದ್ದು ಒಂದು ಚಮಚ ಸಾಕು. ಕೊತ್ತಂಬರಿ ಸೊಪ್ಪನ್ನು ಮಾತ್ರ ಒಣಗಿಸುವ ಕಷ್ಟ ಬೇಡ. ನೆರಳಲ್ಲಿ ಒಣಗಿಸಿದರೂ ಅದರಲ್ಲಿ ಉಳಿಯುವುದು ಬಣ್ಣ ಅಷ್ಟೇ.

ಪ್ರಶ್ನೆ: ಕರಿಮೆಣಸಿನ ಬಳ್ಳಿ ಇದೆ. ಬಿಳಿ ಮೆಣಸಿನ ಬಳ್ಳಿ ಎಲ್ಲಿ ಸಿಗುತ್ತದೆ?

ನಿಮ್ಮ ಮನೆಯಲ್ಲೇ ಇದೆ! ಬಲಿತ ಹಸಿರು ಕಾಳನ್ನು ಕೊಯ್ದು ಒಣಗಿಸಿದರೆ ಸಿಪ್ಪೆ ಸುಕ್ಕಾಗಿ ಕರಿಮೆಣಸು. ಅದೇ ಕಾಳು ಹಣ್ಣಾಗಿ ಕೆಂಪಾದ ಮೇಲೆ ಕೊಯ್ದು, ಒಂದು ವಾರಕ್ಕೂ ಹೆಚ್ಚು ದಿನ ನೀರಿನಲ್ಲಿ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು ಒಣಗಿಸಿದರೆ ಬಿಳಿ ಮೆಣಸು. ನೆನೆಸಿದ ನೀರನ್ನು ದಿನಾ ಬದಲಿಸಿ. ಇಲ್ಲದಿದ್ದರೆ ಆ ನಾತಕ್ಕೆ ಮನೆಯವರೆಲ್ಲ ನಿಮ್ಮ ಮೇಲೆ ಮುನಿಸಿಕೊಳ್ಳುತ್ತಾರೆ.