ಪುರೋಹಿತರಿಲ್ಲದ ಮದುವೆಗೆ ಯಾವ ಸಂಗೀತ ಇಟ್ಟರೆ ಚೆನ್ನ?

ಮಂತ್ರ, ಹೋಮ ಇಲ್ಲ ಅಂದಮಾತ್ರಕ್ಕೆ ವಾಲಗವನ್ನೂ ಬಿಡಬೇಕು ಅಂತೇನಿಲ್ಲ. ನಾದಸ್ವರ ಕಿವಿಗೆ ಬಿದ್ದರೇನೇ ಅಜ್ಜಿಯಂದಿರಿಗೆ ಮದುವೆ ಅನ್ನಿಸುವುದು, ಅಲ್ವಾ? ದೇವರನಾಮ ಬೇಡ, ಬರೀ ರಾಗ ನುಡಿಸಿ ಅಂತ ಮುಂಗಡ ಕೊಡುವಾಗಲೇ ಹೇಳಿಬಿಡಿ.

ನಮ್ಮ ಚಿಕ್ಕಮಗಳೂರು ಕಡೆ ಮಂತ್ರಮಾಂಗಲ್ಯ, ಅಂದರೆ ಪುರೋಹಿತರಿಲ್ಲದೆ ಕೆಲವು ಮಾತು ಓದಿ ಆಗುವ ಸರಳ ಮದುವೆ, ಹೊಸದಲ್ಲ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದ್ದರು. ಅಲ್ಲಿ ಓದುವ ಮಾತುಗಳೇ ಮುಖ್ಯ, ಆಗ ಹಿನ್ನೆಲೆ ಸಂಗೀತ ಬೇಡವೇ ಬೇಡ. ಹುಡುಗ ಹುಡುಗಿ ಒಳಗೆ ಬರುವಾಗ ಒಂದು, ಹಾರ ಹಾಕುವಾಗ ಒಂದು, ಇಷ್ಟು ಸಾಕು. ಊಟದ ಹೊತ್ತಿಗೆ ಏನಾದರೂ ಹಾಕಿ, ಯಾರೂ ಕೇಳುವುದಿಲ್ಲ.

ಭಾವಗೀತೆ ಆರಿಸುವುದಾದರೆ ಕೊನೆಯ ಚರಣದವರೆಗೂ ಕೇಳಿ, ಯಾಕೆಂದರೆ ಪಲ್ಲವಿ ಎಷ್ಟು ಸಿಹಿಯಾಗಿದ್ದರೂ ಮೂರನೇ ಚರಣಕ್ಕೆ ಬರುವಷ್ಟರಲ್ಲಿ ಪ್ರೇಮಿಗಳಿಬ್ಬರೂ ಬೇರೆಯಾಗಿರುವ ಹಾಡುಗಳು ಬೇಕಾದಷ್ಟಿವೆ! ಹಾರ ಹಾಕಲು ಒಂದು ನಿಮಿಷವೂ ಬೇಡ. ಕೆಲವು ಹಾಡುಗಳಲ್ಲಿ ಶುರುವಿನ ಕೊಳಲು, ಪಿಟೀಲೇ ಅಷ್ಟು ಹೊತ್ತು ಬರುತ್ತದೆ. ಅದನ್ನು ಕತ್ತರಿಸಿ, ಪಲ್ಲವಿಯಿಂದಲೇ ಶುರುವಾಗುವಂತೆ ಇಟ್ಟುಕೊಳ್ಳಿ.

ಮೂಡಿಗೆರೆಯಲ್ಲಿ ನನ್ನ ತಂಗಿಯ ಮದುವೆಯಲ್ಲಿ ಹಾಡು ಬರುತ್ತಿದ್ದ ಮೊಬೈಲಿಗೇ ಅಡುಗೆಯವರ ಫೋನು ಬಂತು, ಹಾರ ಹಿಡಿದುಕೊಂಡೇ ಇಬ್ಬರೂ ರಿಂಗ್‌ಟೋನ್ ಮುಗಿಯುವವರೆಗೆ ನಿಂತಿದ್ದರು. ಏರೋಪ್ಲೇನ್ ಮೋಡ್ ಮರೆಯಬೇಡಿ. ಮಳೆಗಾಲದಲ್ಲಿ ಶೀಟಿನ ಹಾಲ್ ಹಿಡಿದಿದ್ದರೆ ವೀಣೆಯ ಆಸೆಯನ್ನೂ ಬಿಡಿ. ಮಳೆ ಸದ್ದಿಗೆ ಡೋಲು ಮಾತ್ರ ಕೇಳಿಸುತ್ತದೆ.