ತಾತನ ಗೌಡ, ತಮ್ಮನ ಗೌಡ

ಓದುಗರ ಪತ್ರ

ಮಾನ್ಯ ಸಂಪಾದಕರೇ, ನಮ್ಮದು ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿ. ನನ್ನ ತಾತ ಬೋರೇಗೌಡ. ಅಪ್ಪನ ಹೆಸರು ಶಿವಣ್ಣ, ಅದರಲ್ಲಿ ಗೌಡ ಇಲ್ಲ. ನನ್ನ ಹೆಸರಿಗೆ ಎರಡು ಇನಿಷಿಯಲ್ ಅಷ್ಟೇ. ಬೆಂಗಳೂರಿನಲ್ಲಿರುವ ತಮ್ಮ ಮಾತ್ರ ಕೊನೆಗೆ ಗೌಡ ಸೇರಿಸಿಕೊಂಡಿದ್ದಾನೆ. ಹೆಂಡತಿಯ ತವರು ಕೊಪ್ಪದ ಕಡೆ. ಅವರ ನೆಂಟರಲ್ಲಿ ಕೆಲವರು ಗೌಡ, ಕೆಲವರು ಹೆಗ್ಗಡೆ. ಈಗ ನಮಗೆ ಮಗಳು ಹುಟ್ಟಿದ್ದಾಳೆ. ಈ ಗೌಡ ಎಲ್ಲಿಂದ ಬಂತು, ಅರ್ಥವೇನು? ಹಲ್ಮಿಡಿ ಶಾಸನದಲ್ಲೇ ಇದೆ ಎಂದು ವಾಟ್ಸಾಪ್‌ನಲ್ಲಿ ಓದಿದೆ, ನಿಜವೇ? ಪ್ರಪಂಚದಲ್ಲಿ ಎಷ್ಟು ಗೌಡರಿದ್ದಾರೆ ಎಂದು ಲೆಕ್ಕ ಕೊಡುವ ಜಾಲತಾಣಗಳನ್ನು ನಂಬಬಹುದೇ? ಮಗಳ ಹೆಸರಿಗೆ ಗೌಡ ಸೇರಿಸಲೇ? (ಹೆಸರು ಹಾಕಬೇಡಿ ಎಂದು ಕೋರಿದ್ದಾರೆ.)

ಸಂಪಾದಕರ ಉತ್ತರ

ತಾತನಿಗೆ ಗೌಡ ಇತ್ತು, ಅಪ್ಪನಿಗೆ ಇಲ್ಲ, ನಿಮಗೆ ಇಲ್ಲ, ತಮ್ಮನಿಗೆ ಮತ್ತೆ ಬಂತು. ಮನೆತನದ ಹೆಸರಾಗಿದ್ದರೆ ಹೀಗೆ ಬಂದು ಹೋಗಿ ಮಾಡುತ್ತಿರಲಿಲ್ಲ ಅಲ್ವಾ? ತಾತನ ಹೆಸರಿನಲ್ಲಿದ್ದ ಗೌಡ ಒಂದು ಬಗೆ. ತಮ್ಮ ಸೇರಿಸಿಕೊಂಡಿರುವುದು ಇನ್ನೊಂದು ಬಗೆ. ಎರಡನ್ನೂ ಒಂದೇ ಎಂದುಕೊಂಡರೆ ಗೊಂದಲ ಶುರುವಾಗುತ್ತದೆ.

ಮೊದಲು ಹಲ್ಮಿಡಿಯದು ಮುಗಿಸಿಬಿಡೋಣ. ಬೇಲೂರು ತಾಲ್ಲೂಕಿನ ಆ ಕಲ್ಲು ಕ್ರಿ.ಶ. 450ರ ಆಸುಪಾಸಿನದು ಎನ್ನುತ್ತಾರೆ. ಯುದ್ಧದಲ್ಲಿ ಸಾಹಸ ತೋರಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರು ಕೊಟ್ಟ ವಿಷಯ ಅದರಲ್ಲಿದೆ. ಗೌಡ ಎಂಬ ಮಾತಿಲ್ಲ. ನಮ್ಮ ಜಿಲ್ಲೆಯ ಕಲ್ಲು ಅಂತ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ಬೇಡ.

ಅದರ ನಂತರದ ಶಾಸನಗಳಲ್ಲಿ ಮಾತ್ರ ಗೌಡರು ಧಾರಾಳವಾಗಿ ಸಿಗುತ್ತಾರೆ. ಹಳೆಯ ರೂಪ ಗಾಮುಂಡ. ಆಮೇಲೆ ಗಾವುಂಡ, ಗವುಂಡ, ಗವುಡ ಎಂದು ಸವೆಯುತ್ತಾ ಬಂದು ಗೌಡ ಆಗಿದೆ. ಮೊದಲಲ್ಲಿರುವ 'ಗಾಮ' ಗ್ರಾಮದ್ದೇ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಅಂದರೆ ಊರಿನ ಮುಖ್ಯಸ್ಥ. ಇದು ಒಂದು ಕೆಲಸದ ಹೆಸರು. ತೆರಿಗೆ ಎತ್ತುವುದು, ಗಡಿ ಜಗಳ ಬಿಡಿಸುವುದು, ಕೆರೆ ಕಟ್ಟೆ ನೋಡಿಕೊಳ್ಳುವುದು, ದೇವಸ್ಥಾನಕ್ಕೆ ಭೂಮಿ ಬಿಟ್ಟರೆ ಸಾಕ್ಷಿ ನಿಲ್ಲುವುದು, ದನ ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬೀಳುವುದು. ಈ ಕೊನೆಯ ಕೆಲಸದಲ್ಲಿ ಸತ್ತ ಗಾವುಂಡರ ವೀರಗಲ್ಲುಗಳೂ ಇವೆ.

ಹೊಯ್ಸಳರ ಕಾಲದ ಶಾಸನಗಳಲ್ಲಿ ಪ್ರಭುಗಾವುಂಡರು ಬೇರೆ, ಪ್ರಜೆಗಾವುಂಡರು ಬೇರೆ. ಮೊದಲಿನವರು ನಾಡಿನ ಮಟ್ಟದ ದೊಡ್ಡವರು, ಎರಡನೆಯವರು ಊರಿನ ರೈತ ಹಿರಿಯರು. ಬೆಂಗಳೂರು ಕಟ್ಟಿದ ಕೆಂಪೇಗೌಡರನ್ನು ಯಲಹಂಕ ನಾಡಪ್ರಭು ಎನ್ನುವುದು ಇದೇ ಸಾಲಿಗೆ ಸೇರಿದ್ದು. ಆಸಕ್ತಿ ಇದ್ದರೆ ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಿರುವಿ ನೋಡಿ. ಕಡೂರು ಜಿಲ್ಲೆಯ ಸಂಪುಟ 1901ರದು, ಹಾಸನದ್ದು 1902ರದು. ಕಡೂರು ಜಿಲ್ಲೆ ಅಂದರೆ ಇವತ್ತಿನ ಚಿಕ್ಕಮಗಳೂರು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳೂ ಇವೆ. ನಿಮ್ಮ ಹೋಬಳಿಯ ಊರುಗಳನ್ನು ಹುಡುಕುತ್ತಾ ಕೂತರೆ ಒಂದು ಭಾನುವಾರ ಹೋಗಿದ್ದೇ ಗೊತ್ತಾಗುವುದಿಲ್ಲ.

ನಿಮಗೆ ಹುಟ್ಟಿರುವುದು ಮಗಳು ಎಂದಿರಿ. ಅದಕ್ಕೇ ಒಂದು ಸಂಗತಿ ಹೇಳಬೇಕು. ಈಗಿನ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ 10ನೇ ಶತಮಾನದ ಒಂದು ಶಾಸನವಿದೆ. ಆಗ ರಾಷ್ಟ್ರಕೂಟರ ಆಳ್ವಿಕೆ. ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ನಾಗಾರ್ಜುನ ಎಂಬವನು ನಾಳ್ಗಾವುಂಡ, ಅಂದರೆ ನಾಡಗೌಡ. ಅವನು ತೀರಿಕೊಂಡ ಮೇಲೆ ಆ ಗೌಡಿಕೆ ಮೈದುನನಿಗೋ ದಾಯಾದಿಗೋ ಹೋಗಲಿಲ್ಲ. ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ನಾಡನ್ನು ಸಮರ್ಥವಾಗಿ ಆಳಿದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಜೈನ ವ್ರತ ಹಿಡಿದು ಪ್ರಾಣ ಬಿಟ್ಟಳು. ಸಾವಿರ ವರ್ಷದ ಹಿಂದೆ ತಾಯಿಯಿಂದ ಮಗಳ ಕೈಗೆ ಹೋದ ಗೌಡಿಕೆ ಇದು. ಶಾಸನಗಳಲ್ಲಿ 'ಗಾವುಂಡಿ' ಎಂಬ ಮಾತೂ ಅಲ್ಲಲ್ಲಿ ಬರುತ್ತದೆ, ಆದರೆ ಅದು ಸಾಮಾನ್ಯವಾಗಿ ಗಾವುಂಡನ ಹೆಂಡತಿಗೆ. ಜಕ್ಕಿಯಬ್ಬೆಯದು ಹಾಗಲ್ಲ, ಅವಳದು ಹುದ್ದೆಯೇ.

ಊರಿಗೆ ಒಬ್ಬ ಇಬ್ಬರಿಗೆ ಇದ್ದ ಹೆಸರು ಊರಿನ ಅರ್ಧ ಜನಕ್ಕೆ ಹೇಗೆ ಬಂತು? ಸ್ವಲ್ಪ ಪಾಲು ವಂಶದಿಂದ. ಗೌಡನ ಮಕ್ಕಳು, ತಮ್ಮಂದಿರು, ಅವರ ಮಕ್ಕಳು ಎಲ್ಲರೂ ಗೌಡರಾದರು. ಬಹುಪಾಲು ಮರ್ಯಾದೆಯಿಂದ. ಹೊಲ ಮನೆ ಇದ್ದ ಹಿರಿಯ ಒಕ್ಕಲಿಗನನ್ನು 'ಏನ್ ಗೌಡ್ರೆ' ಎಂದು ಕರೆಯದೆ ಬರೀ ಹೆಸರು ಹಿಡಿದು ಕರೆಯುವುದು ನಮ್ಮ ಕಡೆ ಎಂದೂ ರೂಢಿಯಲ್ಲಿ ಇರಲಿಲ್ಲ. ಹಾಗಾಗಿ ನಂಜ ನಂಜೇಗೌಡನಾದ, ಬೋರ ಬೋರೇಗೌಡನಾದ, ಭೈರ ಭೈರೇಗೌಡನಾದ. ಅಪ್ಪ, ಅಣ್ಣ, ಅಯ್ಯ ಸೇರುವ ಹಾಗೆ ಗೌಡವೂ ಸೇರುತ್ತಿತ್ತು. ನಿಮ್ಮ ಅಪ್ಪನಿಗೆ ಅಣ್ಣ ಸೇರಿತು, ಶಿವಣ್ಣ ಆದರು. ಅದು ಗೌಡ ಬಿಟ್ಟುಹೋದದ್ದಲ್ಲ, ಅದರ ಜಾಗದಲ್ಲಿ ಇನ್ನೊಂದು ಬಂದದ್ದು. ಹೆಂಗಸರಿಗೆ ಅಮ್ಮ, ಲಕ್ಕಮ್ಮ, ಬೋರಮ್ಮ ಎಂದು. ಬೋರೇಗೌಡರ ಹೆಂಡತಿ ಮಾತಿನಲ್ಲಿ ಗೌಡ್ತಿ ಆದರೂ ಪಹಣಿಯಲ್ಲಿ ಗೌಡ ಆಗುತ್ತಿರಲಿಲ್ಲ.

ನಿಮ್ಮ ತಾತನ ಪೂರ್ವಜರು ಊರು ಆಳಿದ್ದರೇ ಎಂಬ ಆಸೆ ನಿಮ್ಮ ಪತ್ರದಲ್ಲಿ ಇಣುಕುತ್ತದೆ. ಆಳಿರಬಹುದು, ಆದರೆ ಹೆಸರು ಅದಕ್ಕೆ ಸಾಕ್ಷಿಯಲ್ಲ. ಮೈಸೂರು ಸಂಸ್ಥಾನದ ಕಾಲಕ್ಕೆ ಊರಿನ ಯಜಮಾನಿಕೆ ಸರ್ಕಾರಿ ಕಾಗದದಲ್ಲಿ ಪಟೇಲಿಕೆ ಆಗಿತ್ತು. ಕಂದಾಯ ವಸೂಲಿ ಪಟೇಲರದು, ಲೆಕ್ಕ ಶಾನುಭೋಗರದು. ಎರಡೂ ವಂಶಪಾರಂಪರ್ಯ. 1961ರ ಗ್ರಾಮಾಧಿಕಾರಗಳ ರದ್ಧತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಅದೆಲ್ಲ ಮುಗಿಯಿತು. ನಿಮ್ಮ ಮನೆಗೆ ಪಟೇಲಿಕೆ ಇತ್ತೇ ಎಂಬುದು ಹಳೆಯ ಇನಾಂ ದಾಖಲೆಗಳಲ್ಲಿ ಗೊತ್ತಾಗುತ್ತದೆ. ಊರಿನ ಮುದುಕರನ್ನು ಕೇಳಿದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಕೆಲಸದ ಹೆಸರಾದ್ದರಿಂದ ಗೌಡ ಒಂದೇ ಜಾತಿಯ ಸ್ವತ್ತೂ ಅಲ್ಲ. ನಮ್ಮ ಹಾಸನದ ಬಯಲು ಸೀಮೆಯಲ್ಲಿ ಗೌಡ ಅಂದರೆ ಒಕ್ಕಲಿಗ ಎಂದೇ ತಲೆಗೆ ಹೊಳೆಯುತ್ತದೆ, ಸರಿ. ಆದರೆ ಸಿದ್ದರಾಮಯ್ಯನವರ ತಂದೆ ಸಿದ್ದರಾಮೇಗೌಡರು, ಅವರು ಕುರುಬರು. ಲಿಂಗಾಯತರ ಊರುಗಳಲ್ಲಿ ಊರಗೌಡರು ಲಿಂಗಾಯತರೇ. ಉತ್ತರ ಕರ್ನಾಟಕಕ್ಕೆ ಹೋದರೆ ಒಬ್ಬರ ಹೆಸರೇ ಬಸನಗೌಡ, ಅಡ್ಡಹೆಸರು ಪಾಟೀಲ. ಒಂದೇ ಹುದ್ದೆಯ ಕನ್ನಡ ಹೆಸರೂ ಮರಾಠಿ ಹೆಸರೂ ಅಲ್ಲಿ ಜೊತೆಯಲ್ಲೇ ನಡೆಯುತ್ತವೆ. ಧಾರವಾಡ, ಹಾವೇರಿ ಕಡೆ 'ಗೌಡರ' ಎಂಬುದು ಪೂರ್ತಿ ಅಡ್ಡಹೆಸರು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರಲ್ಲಿ ಹೆಂಗಸರಿಗೂ ಗೌಡ ಉಂಟು. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರೂ ಆ ಸಮುದಾಯದವರು.

ದಕ್ಷಿಣ ಕನ್ನಡ, ಕೊಡಗಿನ ಅರೆಭಾಷೆ ಗೌಡರದು ಇನ್ನೊಂದು ಕಥೆ. ನಮ್ಮ ಸಕಲೇಶಪುರದ ಐಗೂರು ಸೀಮೆಯಿಂದ ಘಟ್ಟ ಇಳಿದು ಹೋದವರು ತಾವು ಎಂಬ ಐತಿಹ್ಯ ಅವರಲ್ಲಿದೆ. ಅವರು ಮನೆತನದ ಹೆಸರನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದಾರೆ. ಮಾಜಿ ಮುಖ್ಯಮಂತ್ರಿ ಡಿ.ವಿ. ಸದಾನಂದ ಗೌಡರ ಹೆಸರಿನಲ್ಲಿ 'ಡಿ' ಅಂದರೆ ದೇವರಗುಂಡ, ಅದು ಅವರ ಮನೆತನ. ಗೌಡ ಅದಕ್ಕೆ ಮೇಲೆ ಸೇರಿದ್ದು. ಹಾಗೆ ನೋಡಿದರೆ ನಿಮ್ಮ ತಮ್ಮನಿಗಿಂತ ಅವರ ಲೆಕ್ಕ ಚೊಕ್ಕಟ.

ತಮಿಳುನಾಡಿನ ಕೊಂಗು ಸೀಮೆಯ ಗೌಂಡರ್ ಕೂಡ ಇದೇ ಗಾವುಂಡನ ನೆಂಟ ಎನ್ನುತ್ತಾರೆ. ತೆಲಂಗಾಣದಲ್ಲಿ ಗೌಡ್ ಎಂದರೆ ಕಳ್ಳು ಇಳಿಸುವ ಸಮುದಾಯ. ಗೌಡ ಸಾರಸ್ವತರನ್ನು ಮಾತ್ರ ಈ ಸಾಲಿಗೆ ಎಳೆಯಬೇಡಿ. ಆ ಗೌಡ ಬಂಗಾಳದ ಕಡೆಯ ದೇಶದ ಹೆಸರು, ಊರಗೌಡನಿಗೂ ಅದಕ್ಕೂ ಸಂಬಂಧವಿಲ್ಲ.

ನಿಮ್ಮ ಹೆಂಡತಿಯ ಕಡೆಯ ಹೆಗ್ಗಡೆಯೂ ಹುದ್ದೆಯೇ. ಹಳಗನ್ನಡದಲ್ಲಿ ಪೆರ್ಗಡೆ, ಅರಸರ ಕೈಕೆಳಗಿನ ಅಧಿಕಾರಿ. ಪಕಾರ ಹಕಾರವಾಗಿ ಹೆಗ್ಗಡೆ ಆಯಿತು, ಇನ್ನೂ ಚಿಕ್ಕದಾಗಿ ಹೆಗ್ಡೆ. ಇದನ್ನೂ ಮಲೆನಾಡಿನ ಒಕ್ಕಲಿಗರು, ಕರಾವಳಿಯ ಬಂಟರು, ಜೈನರು, ಶಿರಸಿ ಸಿದ್ದಾಪುರದ ಹವ್ಯಕರು ಹಂಚಿಕೊಂಡಿದ್ದಾರೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಜೈನರು, ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ಹವ್ಯಕರು. ಆದ್ದರಿಂದ ಕೊಪ್ಪದಲ್ಲಿ ಒಂದೇ ನೆಂಟಸ್ತಿಕೆಯೊಳಗೆ ಗೌಡರೂ ಹೆಗ್ಗಡೆಯವರೂ ಇದ್ದರೆ ಅಚ್ಚರಿ ಏನಿಲ್ಲ.

ಇನ್ನು ಜಾಲತಾಣದ ಲೆಕ್ಕ. ಸುಮ್ನೆ ನೋಡಿ ನಗಬಹುದು, ನಂಬಬಾರದು. ಭಾರತದ ಜನಗಣತಿ ಅಡ್ಡಹೆಸರಿನ ಪ್ರಕಾರ ಅಂಕಿ ಪ್ರಕಟಿಸುವುದಿಲ್ಲ. 2011ರಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17,76,421, ಚಿಕ್ಕಮಗಳೂರಿನದು 11,37,961 ಎಂದು ಅದು ಹೇಳುತ್ತದೆ. ಅವರಲ್ಲಿ ಎಷ್ಟು ಜನ ಗೌಡ ಎಂದು ಬರೆದುಕೊಳ್ಳುತ್ತಾರೆ ಎಂದು ಹೇಳುವುದಿಲ್ಲ. ಈ ತಾಣಗಳು ಎಲ್ಲೆಲ್ಲೋ ಸಿಕ್ಕ ಪಟ್ಟಿಗಳನ್ನು ಹಿಗ್ಗಿಸಿ ಅಂದಾಜು ಕಟ್ಟುತ್ತವೆ. ಹೆಸರಿನ ಕೊನೆಯ ತುಂಡೇ ಮನೆತನ ಎಂದು ಹಿಡಿಯುವ ಲೆಕ್ಕ ಅದು, ನಮ್ಮ ಕಡೆ ನಡೆಯುವುದಿಲ್ಲ.

ಯಾಕೆ ಅಂತ ನಿಮ್ಮ ತಾಲ್ಲೂಕಿನ ಉದಾಹರಣೆಯಲ್ಲೇ ಹೇಳುತ್ತೇನೆ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ, ಅಂದರೆ ಎಚ್.ಡಿ. ದೇವೇಗೌಡ. ಊರು, ಅಪ್ಪ, ತಾನು, ಹೀಗೆ ಮೂರು ಭಾಗ. 1996ರಲ್ಲಿ ಅವರು ಪ್ರಧಾನಿಯಾದಾಗ ದೆಹಲಿಯ ಇಂಗ್ಲಿಷ್ ಪತ್ರಿಕೆಗಳು ಗೌಡ ಎಂಬುದನ್ನೇ ಸರ್‌ನೇಮ್ ಎಂದುಕೊಂಡು ತಲೆಬರಹ ಕೊಟ್ಟವು. ಅವರ ಮಕ್ಕಳು ಎಚ್.ಡಿ. ರೇವಣ್ಣ, ಎಚ್.ಡಿ. ಕುಮಾರಸ್ವಾಮಿ. ಇನಿಷಿಯಲ್ ಅದೇ, ಆದರೆ ಇಲ್ಲಿ 'ಡಿ' ದೊಡ್ಡೇಗೌಡ ಅಲ್ಲ, ದೇವೇಗೌಡ. ಕೊನೆಯಲ್ಲಿ ಗೌಡ ಇಲ್ಲವೇ ಇಲ್ಲ. ಜಾಲತಾಣದ ಲೆಕ್ಕದಲ್ಲಿ ಈ ಮಕ್ಕಳು ಗೌಡರ ಪಟ್ಟಿಗೆ ಬರುವುದಿಲ್ಲ. ಅಪ್ಪನಾದರೂ, ದೇವೇಗೌಡ ಎಂದು ಒಂದೇ ಪದವಾಗಿ ಬರೆದರೆ 'ದೇವೇಗೌಡ' ಎಂಬ ಬೇರೆಯೇ ಸರ್‌ನೇಮ್ ಆಗಿಬಿಡುತ್ತಾರೆ! ಒಂದೇ ಮನೆಯ ಕಥೆ ಇದು. ಇದರ ಮೇಲೆ ಇಂಗ್ಲಿಷ್ ಕಾಗುಣಿತ ಬೇರೆ. ನಮ್ಮ ಕಡೆ ಓ ಡಬ್ಲ್ಯೂ ಹಾಕುತ್ತಾರೆ, ಹುಬ್ಬಳ್ಳಿ ಕಡೆ ಓ ಯು, ಇನ್ನು ಕೆಲವರು ಎ ಯು. ಕಂಪ್ಯೂಟರಿಗೆ ಇವು ಮೂರು ಬೇರೆ ಬೇರೆ ಕುಟುಂಬ.

ನಿಮ್ಮ ತಮ್ಮನ ಗೌಡ ಹುಟ್ಟಿದ್ದು ಅರ್ಜಿ ಫಾರಂನಲ್ಲಿ ಎಂದು ನನ್ನ ಊಹೆ. ಬೆಂಗಳೂರಿಗೆ ಹೋದವನಿಗೆ ಬ್ಯಾಂಕು, ಕಂಪನಿ, ಪಾಸ್‌ಪೋರ್ಟ್ ಎಲ್ಲವೂ ಸರ್‌ನೇಮ್ ಏನು ಎಂದು ಕೇಳುತ್ತವೆ. ಇನಿಷಿಯಲ್ ಬಿಡಿಸಿ ಊರ ಹೆಸರು ಹಾಕಬಹುದು, ಅಪ್ಪನ ಹೆಸರು ಹಾಕಬಹುದು, ಅಥವಾ ಗೌಡ ಹಾಕಬಹುದು. ಗೌಡ ಸುಲಭ, ಎಲ್ಲರಿಗೂ ಗೊತ್ತಾಗುತ್ತದೆ. ಜಾತಿಯೂ ಗೊತ್ತಾಗುತ್ತದೆ ಎಂಬುದು ಕೆಲವರಿಗೆ ಅನುಕೂಲ, ಕೆಲವರಿಗೆ ಮುಜುಗರ. ಕಾಲಂ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಹೆಸರಿಟ್ಟ ಅಜ್ಜಿಗೆ ಇದನ್ನು ವಿವರಿಸಿ ನೋಡೋಣ! 2022ರ ನವೆಂಬರ್‌ನಲ್ಲಿ ಯುಎಇ ಕೂಡ ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಎಂದಿತು.

ನಿಮ್ಮ ಮೂಲ ಹುಡುಕಬೇಕೆಂದಿದ್ದರೆ ಗೌಡದ ಬೆನ್ನು ಹತ್ತಬೇಡಿ. ಹೆಣ್ಣು ಗಂಡು ನೋಡುವಾಗ ನಮ್ಮ ಹಿರಿಯರು ಏನು ಕೇಳುತ್ತಾರೆ? ಮೂಲ ಊರು ಯಾವುದು, ಮನೆದೇವರು ಯಾರು, ಬೆಡಗು (ಕುಲದೊಳಗಿನ ಕವಲು) ಯಾವುದು. ಸಂಬಂಧ ಆಗುತ್ತದೋ ಇಲ್ಲವೋ ಎಂಬುದು ಅದರಲ್ಲಿದೆ. ಆದಿಚುಂಚನಗಿರಿಯ ಕಾಲಭೈರವ ನಿಮ್ಮ ಮನೆದೇವರಾಗಿದ್ದರೆ ಮನೆಯಲ್ಲಿ ತಲೆಮಾರಿಗೊಬ್ಬ ಭೈರೇಗೌಡ ಇದ್ದೇ ಇರುತ್ತಾನೆ. ನಿಮ್ಮೂರಿಗೆ ಹೆಳವರು ಈಗಲೂ ಬರುತ್ತಾರೆಯೇ ಎಂದು ವಿಚಾರಿಸಿ. ಮನೆ ಮನೆಯ ವಂಶಾವಳಿ ಹೇಳಿ ದವಸ ಕಾಣಿಕೆ ಪಡೆಯುವುದು ಅವರ ಕುಲಕಸುಬು. ಯಾವ ಊರಿಂದ ಬಂದಿರಿ, ಎಷ್ಟು ಜನ ಅಣ್ಣತಮ್ಮಂದಿರು, ಯಾರು ಎಲ್ಲಿಗೆ ಹೋದರು ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಬಂದರೆ ಕೂರಿಸಿಕೊಂಡು ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಮುಂದಿನ ಪೀಳಿಗೆಗೆ ಅವರು ಇರುತ್ತಾರೆ ಎಂಬ ಭರವಸೆ ನನಗಿಲ್ಲ.

ಮಗಳ ಹೆಸರಿನ ವಿಷಯ. ಗೌಡ ಸೇರಿಸಿದರೆ ತಪ್ಪೇನಿಲ್ಲ, ಜಕ್ಕಿಯಬ್ಬೆಯ ಕಥೆ ಹೇಳಿದೆನಲ್ಲ. ಆದರೆ ನನ್ನನ್ನು ಕೇಳಿದರೆ ಊರಿನ ಹೆಸರನ್ನು ಬಿಡಿಸಿ ಬರೆಸಿ ಎನ್ನುತ್ತೇನೆ. ಲಕ್ಷಾಂತರ ಗೌಡರ ನಡುವೆ ನಿಮ್ಮ ಹಳ್ಳಿಯ ಹೆಸರು ಹೊತ್ತವಳು ಬೇಗ ಗುರುತು ಸಿಗುತ್ತಾಳೆ. ನಿಮ್ಮ ಹೆಂಡತಿಗೆ ಕೊಪ್ಪದ ಊರು ಬೇಕೆಂದಿದ್ದರೆ ಅದೂ ಆಗುತ್ತದೆ, ಮಾತಾಡಿಕೊಳ್ಳಿ. ಯಾವುದೇ ಆದರೂ ಜನನ ಪತ್ರ, ಆಧಾರ್, ಶಾಲೆಯ ದಾಖಲೆ ಎಲ್ಲದರಲ್ಲೂ ಒಂದೇ ಕಾಗುಣಿತ ಇರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ತಿದ್ದಿಸಲು ಹೋದರೆ ಅಲೆದಾಟ ಜಾಸ್ತಿ. ಅವಸರವೂ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಸಾಕು, ಹೆಸರಿನ ಜಾಗ ಖಾಲಿ ಬಿಡಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು ಅವಕಾಶವಿದೆ, ಆಮೇಲೂ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ನಿಮ್ಮ ತಮ್ಮನ ಜೊತೆಗೆ ಜಗಳವಾಡಲು ಅಷ್ಟು ಸಮಯ ಸಾಕು.