ಬಾಯಿ ಮುಚ್ಚಿದರೂ ಮಾತು ನಿಲ್ಲದ ಕುಂಗ್ ಫೂ ಚಿತ್ರಗಳು

‘ಎಪ್ಪತ್ತರ ದಶಕದ ಅಗ್ಗದ ಕುಂಗ್ ಫೂ ಚಿತ್ರಗಳಲ್ಲಿ ತುಟಿಗೂ ಮಾತಿಗೂ ತಾಳಮೇಳವೇ ಇರುವುದಿಲ್ಲ, ಕೈ ಬೀಸಿದರೆ ಚಾಟಿ ಬೀಸಿದ ಸದ್ದು. ತೆಗೆದವರಿಗೆ ಇದೆಲ್ಲ ಕಾಣುತ್ತಿರಲಿಲ್ಲವೇ?’ ಎಂದು ಕೇಳಿದ್ದೀರಿ. ಕಾಣುತ್ತಿತ್ತು. ಸರಿಪಡಿಸಲು ದುಡ್ಡೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ.

ಆಗ ಹಾಂಗ್‌ಕಾಂಗ್‌ನಲ್ಲಿ ಶೂಟಿಂಗ್ ಸಮಯದಲ್ಲಿ ಧ್ವನಿಯನ್ನು ಹಿಡಿಯುತ್ತಲೇ ಇರಲಿಲ್ಲ, ಎಲ್ಲವೂ ಆಮೇಲೆ ಡಬ್ಬಿಂಗ್. ಒಬ್ಬ ಕ್ಯಾಂಟನೀಸ್ ಆಡಿ ಎದುರಿನವನು ಮ್ಯಾಂಡರಿನ್‌ನಲ್ಲಿ ಉತ್ತರಿಸಿದರೂ ನಡೆಯುತ್ತಿತ್ತು. ಹೊರದೇಶದ ಪ್ರಿಂಟ್‌ಗೆ ಇಂಗ್ಲಿಷ್ ಕೂರಿಸುತ್ತಿದ್ದವರು ಅಲ್ಲೇ ನೆಲೆಸಿದ್ದ ಬೆರಳೆಣಿಕೆಯ ಮಂದಿ. ಅದಕ್ಕೇ ಒಂದು ಚಿತ್ರದ ಸಾಧು ಗುರುವಿನ ಕಂಠ ಇನ್ನೊಂದರಲ್ಲಿ ಖಳನ ಗಂಟಲಿನಿಂದ ಬರುತ್ತದೆ. ನಮ್ಮ ಕನ್ನಡ ಚಿತ್ರಗಳಿಗೂ ಡಬ್ಬಿಂಗ್ ಆಮೇಲೆಯೇ ಆಗುತ್ತಿತ್ತು, ಆದರೆ ಭಾಷೆ ಅದೇ ಆದ್ದರಿಂದ ತುಟಿ ಅಷ್ಟಾಗಿ ಮೋಸ ಮಾಡುತ್ತಿರಲಿಲ್ಲ.

ನಾನು ಇವನ್ನೆಲ್ಲ ನೋಡಿದ್ದು ಬಾಡಿಗೆ ವಿಡಿಯೋ ಕ್ಯಾಸೆಟ್‌ನಲ್ಲಿ. ಚಿತ್ರ ತೆಗೆದದ್ದು ಅಗಲ ಪರದೆಗೆ, ನಮ್ಮ ಟಿವಿ ಹೆಚ್ಚುಕಡಿಮೆ ಚೌಕ. ಎರಡೂ ಬದಿ ಕತ್ತರಿಸಿ ತುಂಬಿರುತ್ತಿದ್ದರು. ಎಡಕ್ಕೆ ಒಬ್ಬನ ಮೂಗು, ಬಲಕ್ಕೆ ಇನ್ನೊಬ್ಬನ ಮುಷ್ಟಿ, ನಡುವೆ ಖಾಲಿ ಮೈದಾನ. ನಿರ್ದೇಶಕರಿಗೆ ಹಿಡಿಶಾಪ ಹಾಕಿದ್ದೇ ಹಾಕಿದ್ದು. ತಪ್ಪು ಅವರದಲ್ಲ ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಪೂರ್ತಿ ಅಗಲದ ಡಿವಿಡಿ ಸಿಕ್ಕಾಗ.

ವಿಚಿತ್ರಗಳಲ್ಲಿ ನನಗೆ ಅಚ್ಚುಮೆಚ್ಚಿನದು ‘ಮಾಸ್ಟರ್ ಆಫ್ ದಿ ಫ್ಲೈಯಿಂಗ್ ಗಿಲೊಟಿನ್’. ಜಿಮ್ಮಿ ವಾಂಗ್ ಯು ತಾನೇ ನಿರ್ದೇಶಿಸಿ ತಾನೇ ನಾಯಕನಾದ ಚಿತ್ರ. ನಾಯಕನಿಗೆ ಒಂದೇ ಕೈ, ಇನ್ನೊಂದು ಅಂಗಿಯೊಳಗೆ ಅಡಗಿದೆ ಎಂಬುದು ಮಕ್ಕಳಿಗೂ ತಿಳಿಯುತ್ತದೆ. ಖಳ ಕುರುಡ ಮುದುಕ. ಸರಪಳಿ ಕಟ್ಟಿದ ಟೋಪಿಯಂಥದ್ದನ್ನು ಎಸೆದು ತಲೆಯನ್ನೇ ಕಿತ್ತುಕೊಳ್ಳುತ್ತಾನೆ. ಹಿನ್ನೆಲೆ ಸಂಗೀತಕ್ಕೆ ಜರ್ಮನಿಯ ನೊಯ್ ಎಂಬ ರಾಕ್ ತಂಡದ ಟ್ರ್ಯಾಕ್ ಎತ್ತಿ ಹಾಕಿದ್ದಾರೆ! ಪಂದ್ಯಕ್ಕೆ ನಮ್ಮ ದೇಶದ ‘ಯೋಗಿ’ಯೂ ಬರುತ್ತಾನೆ: ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಚೀನೀ ನಟ. ಅವನ ತೋಳುಗಳು ಬಾವಿಹಗ್ಗದಂತೆ ಉದ್ದವಾಗುತ್ತಾ ಹೋಗುತ್ತವೆ. ಯಾವ ಯೋಗಾಸನವೋ ದೇವರೇ ಬಲ್ಲ. ಸಿಟ್ಟು ಮಾಡಿಕೊಳ್ಳೋಣ ಎಂದುಕೊಂಡೆ, ನಗು ತಡೆಯಲಾಗಲಿಲ್ಲ.

ಆದರೆ ಒಂದನ್ನು ಕ್ಷಮಿಸಲಾರೆ. 1973ರ ಜುಲೈನಲ್ಲಿ ಬ್ರೂಸ್ ಲೀ ತೀರಿಕೊಂಡ ಮೇಲೆ ಬ್ರೂಸ್ ಲಿ, ಬ್ರೂಸ್ ಲೆ, ಡ್ರ್ಯಾಗನ್ ಲೀ ಎಂದು ನಕಲಿಗಳು ಸಾಲುಗಟ್ಟಿದರು. ಅದು ಹೊಟ್ಟೆಪಾಡು, ಬಿಡಿ. 1978ರ ‘ಗೇಮ್ ಆಫ್ ಡೆತ್’ ಹಾಗಲ್ಲ, ಅದು ಬಡ ಚಿತ್ರವೂ ಅಲ್ಲ. ಲೀ ಸಾಯುವ ಮೊದಲು ತೆಗೆದಿಟ್ಟಿದ್ದ ಹೊಡೆದಾಟದಲ್ಲಿ ಸುಮಾರು 11 ನಿಮಿಷ ಉಳಿಸಿಕೊಂಡು, ಮಿಕ್ಕಿದ್ದನ್ನು ಕಪ್ಪು ಕನ್ನಡಕ ಹಾಕಿದ ಡೂಪ್‌ಗಳಿಂದ ತುಂಬಿಸಿದರು. ಒಂದು ಕಡೆ ಕನ್ನಡಿಯ ಮುಂದೆ ಡೂಪ್ ಕೂತಿದ್ದಾನೆ, ಗಾಜಿನ ಮೇಲೆ ಲೀಯ ಮುಖದ ಫೋಟೋ ಕತ್ತರಿಸಿ ಅಂಟಿಸಿದ್ದಾರೆ. ಡೂಪ್ ಅಲುಗಿದರೂ ಕನ್ನಡಿಯಲ್ಲಿನ ಮುಖ ಅಲುಗುವುದಿಲ್ಲ. ಅದನ್ನೂ ನಕ್ಕು ಮರೆಯಬಹುದಿತ್ತು, ಅವನ ನಿಜವಾದ ಅಂತ್ಯಕ್ರಿಯೆಯ ದೃಶ್ಯಗಳನ್ನೂ ಕಥೆಯೊಳಗೆ ಸೇರಿಸದೆ ಇದ್ದಿದ್ದರೆ.

ಹೊಡೆದಾಟ ತೀರಾ ಚುರುಕಾಗಿ ಕಂಡರೆ ಕ್ಯಾಮೆರಾವನ್ನು ಸೆಕೆಂಡಿಗೆ 24 ಫ್ರೇಮ್‌ಗಿಂತ ನಿಧಾನ ಓಡಿಸಿದ್ದಾರೆ ಎಂದರ್ಥ; ತೋರಿಸುವಾಗ ಮಾಮೂಲಿ 24ರ ವೇಗದಲ್ಲೇ ಓಡುವುದರಿಂದ ಎಲ್ಲವೂ ಚುರುಕಾಗಿ ಕಾಣುತ್ತದೆ. ಹಿಂದೆ ಸುಮ್ಮನೆ ನಡೆದು ಹೋಗುವವನು ಕೀಲಿಗೊಂಬೆಯಂತೆ ಓಡುತ್ತಿದ್ದರೆ ಅನುಮಾನವೇ ಬೇಡ. ಆದರೂ ಎಷ್ಟೋ ಕಡೆ ಕ್ಯಾಮೆರಾ ದೂರ ನಿಂತಿರುತ್ತದೆ, ತಲೆಯಿಂದ ಕಾಲಿನವರೆಗೆ ಇಬ್ಬರೂ ಕಾಣುತ್ತಾರೆ, ಕಟ್ ಇಲ್ಲದೆ ಹತ್ತಾರು ಏಟು ಸಾಗುತ್ತವೆ. ಅಲ್ಲಿ ಮಾತ್ರ ಟಿವಿ ಸದ್ದು ಪೂರ್ತಿ ಇಳಿಸಿ ನೋಡಿ. ನಾನು ಈಗಲೂ ಹಾಗೇ ನೋಡುವುದು.